ಪಿಸ್ಟನ್ನಿನ ಆಯ್ಕೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಇಂಜಿನ್ನಿನ ವಿಷಯ ಬರೆಯಹೊರಟುದನ್ನು ಕಂಡು ವಾಚಕರಿಗೆ ನಗೆ ಬಂದೀತು. ಆದರೆ ನಮ್ಮ ತಂದೆಯವರು ಸಿಲಿಂಡರು ಬೋರಿಂಗ್ ಮಾಡುವವರು. ನಮ್ಮ ಮನೆಯಲ್ಲಿ ಮೊದಲಿಗನಾಗಿ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಯಂತ್ರದ ಸಂಪಾದನೆಯಿಂದ.

ಎರಡು ವರ್ಷಗಳ ಹಿಂದೆ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್.ಎಸ್. ಕಾರೊಂದರ ಇಂಜಿನ್ನು ನಮ್ಮಲ್ಲಿಗೆ ಬಂದಿತು. 1.8 ಲೀಟರಿನ ಆ ಪೆಟ್ರೋಲ್ ಇಂಜಿನ್ನಿಗೆ ಟರ್ಬೋ ಉಂಟು. ಹೊರಬೀಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗಿ, ಅದೇ ದಂಡದ ಇನ್ನೊಂದು ಚಕ್ರವು ಗಾಳಿಯನ್ನು ಅದುಮಿ ಸಿಲಿಂಡರಿಗೆ ತುಂಬುವುದೇ ಟರ್ಬೋ. ಗಾಳಿ ಹೆಚ್ಚಿದಷ್ಟೂ ಇಂಧನವನ್ನು ಹೆಚ್ಚು ಉರಿಸಬಹುದು. ಶಕ್ತಿಯೊಡನೆ ಪಿಸ್ಟನ್ನಿನ ಮೇಲಿನ ಶಾಖವೂ ಒತ್ತಡವೂ ಏರುತ್ತವೆ. ಕಾರಿನ ಯಜಮಾನರು ಟರ್ಬೋ ಒತ್ತಡವನ್ನು ಇನ್ನಷ್ಟು ಏರಿಸಿಕೊಂಡಿದ್ದರು. ಇದರಿಂದ ಮಿಶ್ರಣವು ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿಯತೊಡಗಿ, ರಿಂಗುಗಳ ನಡುವಣ ಅಂಚು ಒಡೆದಿತ್ತು.

ಎರಕದ ಪಿಸ್ಟನ್ನು ಕರಗಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದುದು. ಫೋರ್ಜ್ಡ್ ಪಿಸ್ಟನ್ನಾದರೋ ಕಾದ, ಆದರೆ ಕರಗದ ಲೋಹವನ್ನು ಭಾರಿ ಯಂತ್ರದಲ್ಲಿ ಅದುಮಿ ಮಾಡಿದುದು. ಅದರಲ್ಲಿ ಗಾಳಿಗುಳ್ಳೆಗಳು ಉಳಿಯವು. ಲೋಹ ಗಟ್ಟಿಯಾಗಿ ಬೆಸೆದಿರುತ್ತದೆ. ಎರಕದ್ದು ಸೀಳುವಂಥ ಪೆಟ್ಟನ್ನು ಇದು ತಾಳಿಕೊಳ್ಳುತ್ತದೆ. ಆದರೆ ಸಿಡಿತವನ್ನು ಇದು ನಿಲ್ಲಿಸಲಾರದು. ಮೂಲ ದೋಷವನ್ನು ತಿದ್ದದಿದ್ದರೆ ಫೋರ್ಜ್ಡ್ ಪಿಸ್ಟನ್ನೂ ಕರಗಿ ತೂತಾದೀತು.

ಇದರಲ್ಲಿಯೂ ಮುಖ್ಯವಾಗಿ ಎರಡು ಬಗೆ. 4032 ಎಂಬ ಮಿಶ್ರಲೋಹದಲ್ಲಿ ಸುಮಾರು 12% ಸಿಲಿಕಾನ್ ಇರುವುದರಿಂದ ಅದು ಕಾದಾಗ ಕಡಿಮೆ ಹಿಗ್ಗುತ್ತದೆ. ಸಿಲಿಂಡರಿನ ಗೋಡೆಗೂ ಅದಕ್ಕೂ ನಡುವೆ ಸ್ವಲ್ಪವೇ ಸಂದು ಸಾಕು; ಸದ್ದೂ ಕಡಿಮೆ. ನಿತ್ಯ ಓಡುವ ಕಾರಿಗೆ ಇದು ತಕ್ಕದ್ದು. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಅದು ಹೆಚ್ಚು ಪೆಟ್ಟು ತಾಳುತ್ತದೆ, ಆದರೆ ಹೆಚ್ಚು ಹಿಗ್ಗುತ್ತದೆ. ಆದುದರಿಂದ ಸಂದು ಹೆಚ್ಚು ಬೇಕು; ಇಂಜಿನ್ನು ತಣ್ಣಗಿರುವಾಗ ಲಟಲಟ ಸದ್ದೂ ಕೇಳುತ್ತದೆ. ಪಂದ್ಯದ ಕಾರಿಗೆ ಅದು ಲೇಸು.

ಯಜಮಾನರು ತರಿಸಿದ್ದು 2618ರ ಪಿಸ್ಟನ್ನುಗಳು. ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಚೀಟಿಯೊಂದಿತ್ತು. ತಂದೆಯವರು ಅದನ್ನು ನನ್ನ ಕೈಗಿತ್ತು, "ಏನಿದೆ ನೋಡೋ" ಎಂದರು. ನಾನು ಓದದೆಯೇ, "ಜಾಹೀರಾತು ಕಣಪ್ಪ" ಎಂದುಬಿಟ್ಟೆ. ಅವರು ಎರಕದ ಪಿಸ್ಟನ್ನಿಗೆ ಬಿಡುವಂತೆ 0.04 ಮಿ.ಮೀ. ಸಂದು ಬಿಟ್ಟರು. ಚೀಟಿಯಲ್ಲಿದ್ದುದು 0.08. ಎರಡನೆಯ ದಿನ ಪಿಸ್ಟನ್ನುಗಳು ಹಿಗ್ಗಿ, ಗೋಡೆಯನ್ನು ಕೆರೆದು, ಇಂಜಿನ್ನು ಸೀಜ್ ಆಯಿತು. ಹೊಸ ಪಿಸ್ಟನ್ನುಗಳ ವೆಚ್ಚವನ್ನು ತಂದೆಯವರೇ ತೆತ್ತರು. ನನ್ನ ಆ ವರ್ಷದ ಶುಲ್ಕಕ್ಕೆ ಅಮ್ಮನ ಬಳೆ ಅಡವಿಗೆ ಹೋಯಿತು.

ಎರಡನೆಯ ಸಲ ಮೊದಲು ಯಜಮಾನರನ್ನು ವಿಚಾರಿಸಿದೆವು. ಕಾರು ಓಡುವುದು ಮನೆಗೂ ಕಚೇರಿಗೂ ನಡುವೆ. 4032 ಸಾಕೆಂದು ನಿಶ್ಚಯವಾಯಿತು. ಟರ್ಬೋ ಒತ್ತಡವನ್ನೂ ಇಳಿಸಿದರು. ಪಿಸ್ಟನ್ನುಗಳು ಬಂದ ಮೇಲೆ ಚೀಟಿಯಲ್ಲಿ ಹೇಳಿದ ಎತ್ತರದಲ್ಲಿ ಒಂದೊಂದನ್ನೂ ಮೈಕ್ರೋಮೀಟರಿನಿಂದ ಅಳೆದು, ಆಮೇಲೆ ಸಿಲಿಂಡರು ಕೊರೆದೆವು. ಪಿಸ್ಟನ್ನು ಕೈಗೆ ಬಾರದೆ ಬೋರಿಂಗ್ ಮಾಡಬಾರದೆಂಬುದು ಈಗ ನಮ್ಮಲ್ಲಿ ಕಟ್ಟುನಿಟ್ಟಾದ ನಿಯಮ.

ಆ ಕಾರು ಇಂದಿಗೂ ಓಡುತ್ತಿದೆ. ತಂದೆಯವರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಈಗಲೂ ಪೆಟ್ಟಿಗೆ ಒಡೆದೊಡನೆ ಚೀಟಿಯನ್ನು ನನ್ನ ಕೈಗೇ ಕೊಡುತ್ತಾರೆ. ನಾನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುತ್ತೇನೆ.