ಕೋವಿಯ ನಳಿಗೆ ಗಿಡ್ಡವಾದರೆ ಸದ್ದೇಕೆ ಹೆಚ್ಚುತ್ತದೆ?

ಭತ್ತ ಹಾಲುಗಟ್ಟುವ ಕಾಲ ಬಂದಿತೆಂದರೆ ಮಲೆನಾಡು ಮತ್ತು ಕೊಡಗಿನ ಕಾಡಂಚಿನ ರೈತರಿಗೆ ನಿದ್ರೆಯಿಲ್ಲ. ಒಂದು ರಾತ್ರಿ ಹಂದಿಯ ಹಿಂಡು ಗದ್ದೆಗೆ ಇಳಿದರೆ ಸಾಕು, ವರ್ಷದ ದುಡಿಮೆ ಬೆಳಗಾಗುವುದರೊಳಗೆ ಮಣ್ಣುಪಾಲಾಗುತ್ತದೆ. ಗದ್ದೆಯ ಬದಿಯಲ್ಲಿ ಅಟ್ಟಣೆ ಕಟ್ಟಿ, ತಮಟೆ ಬಡಿದು, ಬೆಂಕಿ ಹಾಕಿ, ಕೊನೆಗೆ ಕೋವಿಯಿಂದ ಒಂದು ಈಡು ಹಾರಿಸಿ ಬೆಳೆ ಕಾಯುವುದು ಹಿಂದಿನಿಂದ ನಡೆದುಬಂದ ಕ್ರಮ.

ಇಂಥ ಕಡೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: "ನಳಿಗೆಯನ್ನು ಒಂದು ಗೇಣು ಕೊಯ್ದುಬಿಟ್ಟರೆ ಕೋವಿ ಹಗುರವಾಗುತ್ತದೆ. ಸದ್ದೂ ಜೋರಾಗುತ್ತದೆ. ಹಂದಿ ಮತ್ತೆ ಈ ಕಡೆ ತಲೆಹಾಕುವುದಿಲ್ಲ." ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ನಳಿಗೆ ಗಿಡ್ಡವಾದಷ್ಟೂ ಸದ್ದು ಹೆಚ್ಚುವುದು ಹೌದು. ಆದರೆ ಹೆಚ್ಚಿದ ಆ ಸದ್ದು ಎಲ್ಲರಿಗಿಂತ ಮೊದಲು ಬಡಿಯುವುದು ಕೋವಿ ಹಿಡಿದವನ ಕಿವಿಗೆ. ಹೀಗಾಗುವುದೇಕೆ, ಇದರಿಂದ ಬರುವ ಹಾನಿ ಏನು, ಅದನ್ನು ತಪ್ಪಿಸುವ ಬಗೆ ಹೇಗೆ ಎಂಬುದನ್ನು ಕೋವಿ ಇಟ್ಟುಕೊಂಡಿರುವ ಪ್ರತಿಯೊಬ್ಬ ರೈತನೂ ತಿಳಿದಿರಬೇಕು.

ಸದ್ದು ಹುಟ್ಟುವ ಬಗೆ

ಕುದುರೆ ಬಿದ್ದೊಡನೆ ಕೇಪು ಸಿಡಿದು ಮದ್ದಿಗೆ ಬೆಂಕಿ ತಗಲುತ್ತದೆ. ಮದ್ದು ಉರಿದು ಬಿಸಿ ಅನಿಲವಾಗುತ್ತದೆ. ಈ ಅನಿಲಕ್ಕೆ ಹೊರಗೆ ಹೋಗಲು ಇರುವ ದಾರಿ ನಳಿಗೆಯೊಂದೇ. ಅದು ತನ್ನ ಮುಂದಿರುವ ಚರೆಯನ್ನೋ ಗುಂಡನ್ನೋ ತಳ್ಳಿಕೊಂಡು ಬಾಯಿಯತ್ತ ನುಗ್ಗುತ್ತದೆ. ಇಷ್ಟೆಲ್ಲ ನಡೆಯಲು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು ಮೂರು ಭಾಗ ಸಾಕು.

12 ಬೋರಿನ ತೋಟಾ ಕೋವಿಯಲ್ಲಿ ಮದ್ದು ಉರಿಯುವ ಕ್ಷಣಕ್ಕೆ ಒತ್ತಡವು ಚದರ ಅಂಗುಲಕ್ಕೆ ಸುಮಾರು 10,000 ಪೌಂಡಿನವರೆಗೆ ಏರುತ್ತದೆ. ಲಾರಿಯ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 100 ಪೌಂಡು ಎಂಬುದನ್ನು ನೆನೆದರೆ ಇದರ ಬಲ ಎಷ್ಟೆಂದು ತಿಳಿಯುತ್ತದೆ. ಚರೆಯು ಮುಂದೆ ಸಾಗಿದಂತೆ ಅದರ ಹಿಂದೆ ಜಾಗ ಹೆಚ್ಚಾಗಿ ಅನಿಲವು ಹಿಗ್ಗುತ್ತದೆ, ತಣಿಯುತ್ತದೆ, ಒತ್ತಡ ಇಳಿಯುತ್ತದೆ. ಆದರೂ ಚರೆ ಹೊರಬೀಳುವ ಹೊತ್ತಿಗೆ ಕೆಲವು ನೂರು ಪೌಂಡಿನಷ್ಟು ಒತ್ತಡ ಉಳಿದೇ ಇರುತ್ತದೆ. ಚರೆ ಎಂಬ ಬಿರಡೆ ಕಳಚಿದೊಡನೆ ಈ ಅನಿಲ ಹೊರಗಿನ ಗಾಳಿಗೆ ಹೊಡೆಯುತ್ತದೆ. 'ಢಂ' ಎಂದು ಕೇಳಿಸುವುದು ಈ ಹೊಡೆತವೇ.

ಉದ್ದಕ್ಕೂ ಸದ್ದಿಗೂ ಇರುವ ಸಂಬಂಧ

ಪವರ್ ಟಿಲ್ಲರಿನ ಸೈಲೆನ್ಸರ್ ಕಳಚಿ ಓಡಿಸಿದರೆ ಊರಿಗೆಲ್ಲ ಕೇಳುವಂತೆ ಅದು ಅರಚುತ್ತದೆ. ಇಂಜಿನ್ನಿನ ಬಿಸಿ ಹೊಗೆ ಹಿಗ್ಗಿ ತಣಿಯಲು ಜಾಗ ಸಿಗದೆ ನೇರವಾಗಿ ಹೊರಬೀಳುವುದೇ ಇದಕ್ಕೆ ಕಾರಣ. ಕೋವಿಯ ನಳಿಗೆಯ ಉದ್ದವೂ ಅನಿಲಕ್ಕೆ ಹಿಗ್ಗಲು ಸಿಗುವ ಜಾಗ. 12 ಬೋರಿನ 28 ಅಂಗುಲದ ನಳಿಗೆಯೊಳಗೆ ಸುಮಾರು 190 ಘನ ಸೆಂಟಿಮೀಟರ್ ಜಾಗವಿದ್ದರೆ, ಹದಿನೆಂಟೂವರೆ ಅಂಗುಲದ ನಳಿಗೆಯಲ್ಲಿ ಸುಮಾರು 125 ಘನ ಸೆಂಟಿಮೀಟರ್ ಮಾತ್ರ. ಮದ್ದು ಅಷ್ಟೇ, ಅನಿಲವೂ ಅಷ್ಟೇ, ಜಾಗ ಮಾತ್ರ ಮೂರರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಗಿಡ್ಡ ನಳಿಗೆಯ ಬಾಯಿಂದ ಹೊರಡುವ ಅನಿಲಕ್ಕೆ ಒತ್ತಡವೂ ಬಿಸಿಯೂ ಹೆಚ್ಚು.

ಇದರೊಡನೆ ಇನ್ನೆರಡು ಸಂಗತಿಗಳು ಸೇರಿಕೊಳ್ಳುತ್ತವೆ. ಮೊದಲನೆಯದು ಬೆಂಕಿಯ ಕುಡಿ. ಹೊರಬಂದ ಅನಿಲದಲ್ಲಿ ಇನ್ನೂ ಉರಿಯಬಲ್ಲ ಅಂಶ ಇರುತ್ತದೆ. ಅದು ಬಹಳ ಬಿಸಿಯಾಗಿದ್ದರೆ ಹೊರಗಿನ ಗಾಳಿಯೊಡನೆ ಬೆರೆತು ಮತ್ತೊಮ್ಮೆ ಹೊತ್ತಿಕೊಳ್ಳುತ್ತದೆ. ಗಿಡ್ಡ ನಳಿಗೆಯ ಕೋವಿ ಕತ್ತಲೆಯಲ್ಲಿ ಕಣ್ಣು ಕುಕ್ಕುವಂತೆ ಬೆಂಕಿ ಉಗುಳುವುದು ಇದರಿಂದ. ಎರಡನೆಯದು ದೂರ. ನಳಿಗೆಯನ್ನು ಎಷ್ಟು ಕೊಯ್ದರೆ ಸದ್ದಿನ ಮೂಲ ಅಷ್ಟು ಕಿವಿಯ ಹತ್ತಿರಕ್ಕೆ ಬರುತ್ತದೆ. ಮೂಲ ಹತ್ತಿರವಾದಷ್ಟೂ ಪೆಟ್ಟು ಬಲವಾಗುತ್ತದೆ.

ಅಳತೆ ಹೇಳುವುದೇನು?

ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯಲಾಗುತ್ತದೆ. ಎದುರುಬದುರು ಕುಳಿತು ಮಾತನಾಡುವ ಸದ್ದು ಸುಮಾರು 60 ಡೆಸಿಬೆಲ್. ಈ ಲೆಕ್ಕದಲ್ಲಿ 10 ಡೆಸಿಬೆಲ್ ಹೆಚ್ಚಿತೆಂದರೆ ಸದ್ದಿನ ಶಕ್ತಿ 10 ಪಟ್ಟಾಯಿತೆಂದು ಅರ್ಥ. ಸಿಡಿತದಂಥ ದಿಢೀರ್ ಸದ್ದಿಗೆ ದೊಡ್ಡವರ ಕಿವಿ ತಾಳಬಹುದಾದ ಮಿತಿ 140 ಡೆಸಿಬೆಲ್ ಎಂದೂ, ಮಕ್ಕಳಿಗೆ 120 ಡೆಸಿಬೆಲ್ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ.

ಅಮೆರಿಕದಲ್ಲಿ ನಡೆದ ಅಳತೆಗಳಲ್ಲಿ 28 ಅಂಗುಲ ನಳಿಗೆಯ 12 ಬೋರ್ ಕೋವಿಯ ಸದ್ದು ಸುಮಾರು 151 ಡೆಸಿಬೆಲ್ ಇದ್ದರೆ, ಹದಿನೆಂಟೂವರೆ ಅಂಗುಲದ ಕೋವಿಯದು ಸುಮಾರು 161 ಡೆಸಿಬೆಲ್ ಇತ್ತು. ಅಂದರೆ ಶಕ್ತಿಯಲ್ಲಿ 10 ಪಟ್ಟು ವ್ಯತ್ಯಾಸ. 30-06 ಎಂಬ ದೊಡ್ಡ ರೈಫಲ್ಲಿನಲ್ಲಿ 24 ಅಂಗುಲಕ್ಕೆ ಸುಮಾರು 158 ಡೆಸಿಬೆಲ್ ಇದ್ದುದು ಹದಿನೆಂಟೂವರೆ ಅಂಗುಲಕ್ಕೆ ಸುಮಾರು 163ಕ್ಕೆ ಏರಿತು. ಉದ್ದ ನಳಿಗೆಯ ಕೋವಿಯೂ 140ರ ಮಿತಿಯನ್ನು ದಾಟುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ಉದ್ದ ನಳಿಗೆಯು ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ರೈಫಲ್ಲಿನ ಎರಡು ಸದ್ದು

ರೈಫಲ್ಲಿನಲ್ಲಿ ಮದ್ದು ಹೆಚ್ಚು, ನಳಿಗೆಯ ತೂತು ಕಿರಿದು. ಕೆಲವು ರೈಫಲ್ಲುಗಳಲ್ಲಿ ಒತ್ತಡವು ಚದರ ಅಂಗುಲಕ್ಕೆ 50,000 ಪೌಂಡನ್ನೂ ಮೀರುತ್ತದೆ. ಗುಂಡು ಬಾಯಿಯನ್ನು ಬಿಡುವಾಗಲೂ ಸಾವಿರಾರು ಪೌಂಡು ಉಳಿದಿರುವುದರಿಂದ ಅದರ ಸದ್ದು ಚೂಪಾಗಿ ಕಿವಿಗೆ ಇರಿಯುತ್ತದೆ. ಮೇಲಾಗಿ ರೈಫಲ್ಲಿನ ಗುಂಡು ಸದ್ದಿಗಿಂತ ವೇಗವಾಗಿ ಹೋಗುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಇದನ್ನು ಮೀರಿದ ಗುಂಡು ತಾನು ಹೋದ ದಾರಿಯುದ್ದಕ್ಕೂ ಚಾಟಿ ಬೀಸಿದಂತೆ 'ಚಟ್' ಎನ್ನುತ್ತದೆ. ಈ ಎರಡನೆಯ ಸದ್ದು ನಳಿಗೆಯ ಬಾಯಲ್ಲಿ ಹುಟ್ಟುವುದಲ್ಲವಾದ್ದರಿಂದ ನಳಿಗೆಯನ್ನು ಉದ್ದ ಮಾಡಿ ಅದನ್ನು ತಗ್ಗಿಸಲಾಗದು.

.22 ರೈಫಲ್ಲು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ತೋಟಾದಲ್ಲಿ ಮದ್ದು ಬಹಳ ಸ್ವಲ್ಪ. ಉದ್ದ ನಳಿಗೆಯಲ್ಲಿ ಆ ಅನಿಲ ಸಾಕಷ್ಟು ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ಅದೇ ತೋಟಾವನ್ನು ಗಿಡ್ಡ ನಳಿಗೆಯ ಪಿಸ್ತೂಲಿನಿಂದ ಹಾರಿಸಿದರೆ ಸದ್ದು ಬಹಳ ಜೋರು.

ಕೇಪಿನ ಕೋವಿ

ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಬಳಸುವುದು ಕರಿಮದ್ದು. ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಪಾಲು ಸೇರಿದ ಈ ಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಕಿಟ್ಟವಾಗಿ ಹೋಗುತ್ತದೆ. ಉಳಿದದ್ದು ಮಾತ್ರ ಅನಿಲ. ಆದ್ದರಿಂದಲೇ ಇದರ ಸದ್ದು ಗಡುಸು, ಹೊಗೆ ದಟ್ಟ. ಇನ್ನಷ್ಟು ಸದ್ದು ಬರಲೆಂದು ಒಂದು ಹಿಡಿ ಮದ್ದು ಹೆಚ್ಚಿಗೆ ಗಿಡಿಯುವುದು ಅತ್ಯಂತ ಅಪಾಯಕರ. ಹೆಚ್ಚಿದ ಮದ್ದಿನಲ್ಲಿ ಒಂದು ಪಾಲು ನಳಿಗೆಯ ಹೊರಗೆ ಉರಿದು ವ್ಯರ್ಥವಾಗುತ್ತದೆ. ತುಕ್ಕು ಹಿಡಿದ ಹಳೆಯ ನಳಿಗೆಯಾದರೆ ಒಡೆದು ಕೈ, ಕಣ್ಣು ಹೋಗಬಹುದು.

ಕಿವಿಗೆ ಆಗುವ ಹಾನಿ

ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಬಹು ಸೂಕ್ಷ್ಮವಾದ ರೋಮಕೋಶಗಳಿವೆ. ಬಿರುಗಾಳಿಗೆ ಸಿಕ್ಕ ಭತ್ತದ ಪೈರಿನಂತೆ ಇವು ದೊಡ್ಡ ಸದ್ದಿನ ಹೊಡೆತಕ್ಕೆ ಬಾಗುತ್ತವೆ. ಸಣ್ಣ ಪೆಟ್ಟಾದರೆ ಚೇತರಿಸಿಕೊಳ್ಳುತ್ತವೆ. ಪೆಟ್ಟು ಬಲವಾದರೆ ಅಥವಾ ಮತ್ತೆ ಮತ್ತೆ ಬಿದ್ದರೆ ಸಾಯುತ್ತವೆ. ಪೈರನ್ನಾದರೂ ಮರುವರ್ಷ ನಾಟಿ ಮಾಡಬಹುದು. ಈ ಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಮೊದಲು ಹೋಗುವುದು ಸಣ್ಣ ದನಿಗಳನ್ನು ಕೇಳುವ ಶಕ್ತಿ. ಹಕ್ಕಿಯ ಚಿಲಿಪಿಲಿ, ಮಗುವಿನ ಮಾತು, ಮಾತಿನೊಳಗಿನ ಸ, ಶ ಅಕ್ಷರಗಳು ಸ್ಪಷ್ಟವಾಗುವುದಿಲ್ಲ. "ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ" ಎಂಬ ದೂರು ಇದರ ಗುರುತು. ಬಲ ಹೆಗಲಿಗೆ ಕೋವಿ ಆನಿಸುವವರಲ್ಲಿ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರವಿರುವುದರಿಂದ ಹೆಚ್ಚು ಕೆಡುವುದು ಆ ಕಿವಿಯೇ. ಗುಂಡು ಹಾರಿಸಿದ ಮೇಲೆ ಕಿವಿ ಗುಂಯ್‌ಗುಡುವುದನ್ನು ಬಹಳ ಮಂದಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಪೆಟ್ಟು ಬಿದ್ದುದರ ಸೂಚನೆ.

ನಳಿಗೆ ಕೊಯ್ದರೆ ಆಗುವ ಇತರ ನಷ್ಟ

ತೋಟಾ ಕೋವಿಯ ನಳಿಗೆ ಅನೇಕ ವೇಳೆ ಬಾಯಿಯ ಹತ್ತಿರ ತುಸು ಕಿರಿದಾಗಿರುತ್ತದೆ. ಇದಕ್ಕೆ ಚೋಕ್ ಎನ್ನುತ್ತಾರೆ. ಚರೆ ಬೇಗ ಚೆದುರದಂತೆ ಹಿಡಿದಿಡುವುದು ಈ ಭಾಗ. ನಳಿಗೆ ಕೊಯ್ದರೆ ಮೊದಲು ಹೋಗುವುದು ಇದೇ. ಆಮೇಲೆ ಚರೆ ಎಲ್ಲೆಂದರಲ್ಲಿ ಹರಡಿ ಪಕ್ಕದ ಗದ್ದೆಯ ಕಾವಲುಗಾರನಿಗೂ ಅಪಾಯ.

ಕಾನೂನಿನ ದೃಷ್ಟಿಯಿಂದಲೂ ಇದು ಅಪರಾಧ. 1959ರ ಆಯುಧ ಕಾಯಿದೆಯ 6ನೇ ಕಲಮಿನಂತೆ ಪ್ರತ್ಯೇಕ ಪರವಾನಗಿಯಿಲ್ಲದೆ ಯಾರೂ ನಳಿಗೆಯನ್ನು ಗಿಡ್ಡ ಮಾಡುವಂತಿಲ್ಲ. ಅದೇ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯನ್ನು ಹೆಸರಿಸುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ತೂತಿನ ಕೋವಿಗೆ ಪರವಾನಗಿ ಕೊಡಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. ಅದು ಕೋವಿ ಹೊಂದಿರಲು ಸಿಕ್ಕ ವಿನಾಯಿತಿಯೇ ಹೊರತು ನಳಿಗೆ ಕೊಯ್ಯಲು ಅಲ್ಲ. ಕೋವಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲುವ ಹಕ್ಕೂ ಬರುವುದಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ.

ಹೆಚ್ಚು ಸದ್ದಿಗೆ ಹಂದಿ ಹೆಚ್ಚು ಹೆದರುತ್ತದೆಯೆ?

ಒಂದೇ ಸದ್ದು ಒಂದೇ ಜಾಗದಿಂದ ದಿನವೂ ಬರುತ್ತಿದ್ದು ಬೇರೇನೂ ತೊಂದರೆಯಾಗದಿದ್ದರೆ ಪ್ರಾಣಿಗಳು ಅದಕ್ಕೆ ಒಗ್ಗಿಹೋಗುತ್ತವೆ. ಸದ್ದು ಎಷ್ಟು ಜೋರಿದ್ದರೂ ಇದು ತಪ್ಪದು. ಜಾಗ, ವೇಳೆ ಮತ್ತು ಸದ್ದಿನ ಬಗೆಯನ್ನು ಬದಲಿಸುತ್ತಿರುವುದು, ಬೆಳಕನ್ನು ಜೊತೆಗೂಡಿಸುವುದು, ಅಕ್ಕಪಕ್ಕದ ಗದ್ದೆಯವರು ಸೇರಿ ಸರದಿಯ ಕಾವಲು ಮಾಡುವುದು, ಒಪ್ಪಿತ ಯಂತ್ರವುಳ್ಳ ಸೌರ ಬೇಲಿ ಹಾಕಿಸುವುದು ಹೆಚ್ಚು ಫಲಕಾರಿ. ಪ್ಲಾಸ್ಟಿಕ್ ಕೊಳವೆಗೆ ಕಾರ್ಬೈಡ್ ಹಾಕಿ ಸಿಡಿಸುವ ಉಪಾಯ ಬೇಡವೇ ಬೇಡ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥ ಕೊಳವೆಗಳಿಂದ ಅನೇಕ ಮಕ್ಕಳ ಕಣ್ಣಿಗೆ ಗಾಯವಾಯಿತು.

ಪಾಲಿಸಬೇಕಾದ ಕ್ರಮಗಳು

1. ನಳಿಗೆಯನ್ನು ಕೊಯ್ಯಬಾರದು. ಬಾಯಿ ತಗ್ಗಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಪರವಾನಗಿ ಪಡೆದ ಕೋವಿ ರಿಪೇರಿಯವರಿಗೆ ತೋರಿಸಬೇಕು.

2. ಗುಂಡು ಹಾರಿಸುವ ಮುನ್ನ ಎರಡೂ ಕಿವಿಗೆ ಸ್ಪಂಜಿನ ಬಿರಡೆ ಹಾಕಬೇಕು. ಸರಿಯಾಗಿ ಕೂರಿಸಿದರೆ ಇದು 20ರಿಂದ 30 ಡೆಸಿಬೆಲ್ ಸದ್ದನ್ನು ತಡೆಯುತ್ತದೆ. ಬರಿಯ ಹತ್ತಿ ತುರುಕಿದರೆ ಸಾಲದು.

3. ತಗಡಿನ ಮಾಡಿನ ಕೆಳಗೆ, ಗೋಡೆಯ ಪಕ್ಕದಲ್ಲಿ ಹಾರಿಸಬಾರದು. ಸದ್ದು ಮರಳಿ ಬಡಿಯುತ್ತದೆ.

4. ಜೊತೆಗಿರುವವರು ಹಾರಿಸುವವನ ಹಿಂದೆ, ದೂರದಲ್ಲಿ ನಿಲ್ಲಬೇಕು. ನಳಿಗೆಯ ಬಾಯಿಯ ಪಕ್ಕದಲ್ಲಿ ನಿಂತವರಿಗೆ ಹಾರಿಸಿದವನಿಗಿಂತ ಹೆಚ್ಚು ಪೆಟ್ಟು.

5. ಹುತ್ತರಿಯಂದು ಕದಿರು ತೆಗೆಯುವಾಗ ಗುಂಡು ಹಾರಿಸುವ ಪದ್ಧತಿ ಇರುವ ಕಡೆ ಮಕ್ಕಳನ್ನು ದೂರ ನಿಲ್ಲಿಸಿ ಕಿವಿ ಮುಚ್ಚಿಸಬೇಕು.

6. ತುಂಬುವ ಮುನ್ನ ನಳಿಗೆಯೊಳಗೆ ಮಣ್ಣು, ಬಟ್ಟೆಯ ಚೂರು, ಕಣಜದ ಗೂಡು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

7. ಕಿವಿಯ ಗುಂಯ್‌ಗುಟ್ಟುವಿಕೆ ಒಂದು ದಿನಕ್ಕೂ ಮೀರಿದರೆ ಕಿವಿ ವೈದ್ಯರನ್ನು ಕಾಣಬೇಕು. ದಿಢೀರನೆ ಕಿವುಡಾದರೆ ಅದೇ ದಿನ ಹೋಗಬೇಕು.

ಕಾವಲಿನವನಿಗೆ ಕೋವಿಗಿಂತ ಮೊದಲಿನ ಆಯುಧ ಕಿವಿ. ಕತ್ತಲೆಯಲ್ಲಿ ಹಂದಿ ಬೇಲಿ ನುಸುಳುವ ಸದ್ದನ್ನು, ತರಗೆಲೆ ಸರಿದ ಸದ್ದನ್ನು ಹಿಡಿಯುವುದು ಅದೇ. ನಳಿಗೆ ಕೊಯ್ದು ಸದ್ದು ಹೆಚ್ಚಿಸಿಕೊಂಡವನು ಕೆಲವು ವರ್ಷಗಳಲ್ಲಿ ಆ ಸಣ್ಣ ಸದ್ದನ್ನೇ ಕೇಳದವನಾಗುತ್ತಾನೆ. ಬೆಳೆಯೂ ಉಳಿಯಬೇಕು, ಕಿವಿಯೂ ಉಳಿಯಬೇಕು ಎನ್ನುವ ರೈತ ನಳಿಗೆಯನ್ನು ಇದ್ದಷ್ಟೇ ಉದ್ದ ಉಳಿಸಿಕೊಂಡು, ಕಿವಿಗೆ ಬಿರಡೆ ಹಾಕಿಕೊಂಡೇ ಅಟ್ಟಣೆ ಏರಿ ಕೋವಿ ಎತ್ತುವುದು ಲೇಸು.