ವಾರದ ಮಾತ್ರೆ ದಿನದ ಮಾತ್ರೆಯಾದರೆ

ಬಿಪಿ ಮಾತ್ರೆ ದಿನಾ ಬೆಳಿಗ್ಗೆ. ಶುಗರ್ ಮಾತ್ರೆ ದಿನಾ ಊಟಕ್ಕೆ ಮುಂಚೆ. ಹೀಗೆ ಅಭ್ಯಾಸವಾದ ಕೈಗೆ ಇನ್ನೊಂದು ಹೊಸ ಸ್ಟ್ರಿಪ್ ಕೊಟ್ಟರೆ ಏನಾಗುತ್ತೆ? ಅದನ್ನೂ ದಿನಾ ನುಂಗ್ತಾರೆ. ಅಪಾಯ ಇರೋದೇ ಇಲ್ಲಿ.

ಆ ಮಾತ್ರೆಯ ಹೆಸರು ಮೆಥೊಟ್ರೆಕ್ಸೇಟ್. ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್ ಇರುವವರಿಗೆ ವೈದ್ಯರು ಬರೆದುಕೊಡುತ್ತಾರೆ. ಈ ಕಾಯಿಲೆಗಳಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಕೀಲು, ಚರ್ಮದ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದನ್ನು ಹತೋಟಿಗೆ ತರುವುದು ಈ ಔಷಧದ ಕೆಲಸ. ದಶಕಗಳಿಂದ ಬಳಕೆಯಲ್ಲಿದೆ, ಒಳ್ಳೆಯ ಔಷಧ. ಬೆರಳು ಮಡಚಲಾಗದವರು ಇದರಿಂದ ಮತ್ತೆ ಮನೆಗೆಲಸಕ್ಕೆ ನಿಂತಿದ್ದಾರೆ.

ಆದರೆ ನೋಡಿ, ಈ ಕಾಯಿಲೆಗಳಿಗೆ ಇದನ್ನು ತಗೊಳ್ಳಬೇಕಾದದ್ದು ವಾರದಲ್ಲಿ ಒಂದೇ ದಿನ. ಇದೇ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರ್‌ಗೂ ಕೊಡುತ್ತಾರೆ ಅಂದರೆ ಇದರ ಬಲ ಅರ್ಥವಾದೀತು. ದಿನಾ ನುಂಗಿದರೆ ರಕ್ತಕಣ ತಯಾರಿಸುವ ಮೂಳೆಮಜ್ಜೆಗೇ ಪೆಟ್ಟು. ಬಿಳಿ ರಕ್ತಕಣ ಕುಸಿಯುತ್ತದೆ, ಬಾಯಿ ತುಂಬ ಹುಣ್ಣು, ಸೋಂಕು, ಜ್ವರ. ಹೀಗೆ ಪ್ರಾಣ ಕಳೆದುಕೊಂಡವರು ಹಲವು ದೇಶಗಳಲ್ಲಿದ್ದಾರೆ.

ತಪ್ಪು ಯಾರದು? ಚೀಟಿ ಇಂಗ್ಲಿಷಿನಲ್ಲಿ. ಡಾಕ್ಟರು ಹೇಳಿದ್ದು ಮಗನಿಗೆ, ಮಾತ್ರೆ ಕೊಡೋದು ಸೊಸೆ, ನುಂಗೋದು ಅಜ್ಜಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಎಷ್ಟೋ ಸಲ ಅದೇ ಥರದ ಚಿಕ್ಕ ಹಳದಿ ಮಾತ್ರೆ! ಅದಲುಬದಲಾಗೋಕೆ ಇನ್ನೇನು ಬೇಕು?

ಹಾಗಾದರೆ ಏನು ಮಾಡಬೇಕು? ವಾರದ ದಿನ ಯಾವುದು ಅಂತ ವೈದ್ಯರ ಬಾಯಲ್ಲೇ ಹೇಳಿಸಿ. 'ಶನಿವಾರ ಮಾತ್ರ' ಅಂತ ಡಬ್ಬಿಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಒಂದು ವಾರ ಮರೆತರೆ ಮುಂದಿನ ವಾರ ಎರಡರಷ್ಟು ನುಂಗಬೇಡಿ. ರಕ್ತಪರೀಕ್ಷೆ ತಪ್ಪಿಸಬೇಡಿ, ಲಿವರ್, ಕಿಡ್ನಿ, ರಕ್ತಕಣದ ಲೆಕ್ಕ ಸಿಗೋದು ಅಲ್ಲೇ. ಬೇರೆ ಡಾಕ್ಟರ ಹತ್ತಿರ ಹೋದಾಗ ಈ ಮಾತ್ರೆಯ ಹೆಸರು ಹೇಳಿ. ಕೋಟ್ರೈಮಾಕ್ಸಜೋಲ್‌ನಂಥ ಸಾಮಾನ್ಯ ಆಂಟಿಬಯಾಟಿಕ್ ಕೂಡ ಇದರ ಜೊತೆ ಸೇರಿದರೆ ವಿಷವಾಗಬಹುದು. ಗರ್ಭಿಣಿಯರಿಗಂತೂ ಇದು ಕೂಡದು. ಮಗು ಬೇಕೆನ್ನುವ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಬ್ಬಸ ಬಂದರೆ ಕಾಯಬೇಡಿ. ತಪ್ಪಿ ದಿನಾ ನುಂಗಿದ್ದು ಗೊತ್ತಾದರೆ, ಏನೂ ಆಗಿಲ್ಲವಲ್ಲ ಅಂತ ಸುಮ್ಮನಿರಬೇಡಿ. ಸ್ಟ್ರಿಪ್ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ಬೇಗ ಹೋದರೆ ಇದಕ್ಕೆ ಪ್ರತಿಮದ್ದು ಇದೆ.

ಹಾಗಂತ ಇದನ್ನು ಓದಿ ಹೆದರಿ ಮಾತ್ರೆ ಬಿಟ್ಟುಬಿಡಬೇಡಿ. ಬಿಟ್ಟರೆ ಕೀಲು ಹಾಳಾಗುತ್ತೆ. ಇವತ್ತು ಮನೆಗೆ ಹೋದ ಕೂಡಲೇ ಅಮ್ಮನ ಮಾತ್ರೆ ಡಬ್ಬಿ ಒಮ್ಮೆ ತೆಗೆದು ನೋಡಿ. ಅಷ್ಟು ಸಾಕು.