ಮನೆಯಲ್ಲೊಂದು ಕೋಣೆ ಖಾಲಿ ಇದ್ದರೆ

ಬ್ರಿಟನ್ನಿನಲ್ಲಿ ಹೀಗೊಂದು ಕೆಲಸವಿದೆ. ಪದವಿ ಕೇಳುವುದಿಲ್ಲ, ಕಚೇರಿಗೆ ಹೋಗಬೇಕಿಲ್ಲ. ಮನೆಯಲ್ಲೊಂದು ಖಾಲಿ ಕೋಣೆ ಇರಬೇಕು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ, ಟೀವಿ ಜೋರಾಗಿ ಹಚ್ಚಿದರೂ ರೇಗದ ಸ್ವಭಾವ ಇರಬೇಕು. ಹೆಸರು ಶೇರ್ಡ್ ಲೈವ್ಸ್. ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ, ಮರೆವು ಅಥವಾ ಅಂಗವೈಕಲ್ಯದಿಂದಾಗಿ ಒಂಟಿಯಾಗಿ ಬಾಳಲಾಗದ ವಯಸ್ಕರು ಕೇರ್ ಹೋಮ್ ಸೇರುವ ಬದಲು ನಿಮ್ಮ ಮನೆಗೆ ಬಂದು ನೆಲೆಸುತ್ತಾರೆ. ನೋಡಿಕೊಳ್ಳುವ ನಿಮಗೆ ಸಂಭಾವನೆ ಸಿಗುತ್ತದೆ.

ಅಲ್ಲಿ ಇದನ್ನು 1978ರಲ್ಲಿ ಶುರು ಮಾಡಿದ್ದು ಲಿವರ್‌ಪೂಲಿನ ಪಿಎಸ್‌ಎಸ್ ಎಂಬ ಸೇವಾಸಂಸ್ಥೆ. ಆದರೆ ಇದರ ಬೇರು ಹುಡುಕಿದರೆ ಬೆಲ್ಜಿಯಂನ ಗೀಲ್ ಪಟ್ಟಣಕ್ಕೆ ಹೋಗಬೇಕು. ಐರ್ಲೆಂಡಿನಿಂದ ಓಡಿಬಂದು ತಂದೆಯ ಕೈಯಲ್ಲೇ ಹತಳಾದಳೆಂದು ಐತಿಹ್ಯವಿರುವ ಸಂತ ಡಿಂಫ್ನಾ ಮಾನಸಿಕ ರೋಗಿಗಳ ರಕ್ಷಕಿ. 1349ರಲ್ಲಿ ಅವಳ ಹೆಸರಿನ ಚರ್ಚು ಕಟ್ಟತೊಡಗಿದರು. ಹರಕೆ ಹೊತ್ತು ಬಂದ ರೋಗಿಗಳು ಚರ್ಚಿನ ಕೋಣೆಯಲ್ಲಿ ಹಿಡಿಸಲಾರದಷ್ಟಾದಾಗ ಸುತ್ತಲಿನ ರೈತರು ತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ಕೆಲವರು ವಾಪಸು ಹೋಗಲೇ ಇಲ್ಲ! 1938ರ ಹೊತ್ತಿಗೆ ಊರಿನ ಮನೆಗಳಲ್ಲಿ ಇಂಥವರು 3,700ಕ್ಕೂ ಹೆಚ್ಚಿದ್ದರು. ಊರವರಿಗೆ ಅವರು ರೋಗಿಗಳಲ್ಲ, ಮನೆಯಲ್ಲಿ ಉಳಿದುಕೊಂಡವರು, ಅಷ್ಟೇ. ಈಗ ಸಂಖ್ಯೆ ಕೆಲವೇ ನೂರರೊಳಗೆ ಇಳಿದಿದೆ. 2023ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ಗುರುತಿಸಿತು.

ಗೀಲ್‌ನಲ್ಲಿ ಭಕ್ತಿ ಮಾಡಿದ ಕೆಲಸವನ್ನು ಬ್ರಿಟನ್ನಿನಲ್ಲಿ ಕಾಗದಪತ್ರ ಮಾಡುತ್ತದೆ. ಆಯಾ ಊರಿನ ಶೇರ್ಡ್ ಲೈವ್ಸ್ ಯೋಜನೆಗೆ ಅರ್ಜಿ ಹಾಕಿದವರ ಮನೆಗೆ ಅಧಿಕಾರಿ ಹಲವು ಸಲ ಬರುತ್ತಾರೆ. ಮೆಟ್ಟಿಲು, ಬಚ್ಚಲು, ಬೆಂಕಿಯ ಎಚ್ಚರಿಕೆ ಗಂಟೆ, ಸಾಕಿದ ನಾಯಿ, ಎಲ್ಲವನ್ನೂ ನೋಡುತ್ತಾರೆ. ಪೊಲೀಸ್ ದಾಖಲೆಗಳ ತಪಾಸಣೆ ಅರ್ಜಿದಾರರಿಗೆ ಮಾತ್ರವಲ್ಲ, ಮನೆಯ ಇತರ ವಯಸ್ಕರಿಗೂ. ಮಾತ್ರೆ ಕೊಡುವ ಕ್ರಮ, ಪ್ರಥಮ ಚಿಕಿತ್ಸೆ, ಶೋಷಣೆಯ ಸುಳಿವು ಹಿಡಿಯುವುದು ಮುಂತಾದವುಗಳಿಗೆ ತರಬೇತಿ ಇರುತ್ತದೆ. ಕಡೆಗೆ ಒಂದು ಸಮಿತಿ ಒಪ್ಪಬೇಕು. ಇಷ್ಟಾಗಲು ಕೆಲವು ತಿಂಗಳೇ ಬೇಕು.

ಇದಾದ ಮೇಲೆ ಜೋಡಿ ಕೂಡಿಸುವ ಸರದಿ. ಹೆಚ್ಚುಕಡಿಮೆ ಹೆಣ್ಣು ನೋಡುವ ಶಾಸ್ತ್ರದ ಹಾಗೆಯೇ: ಮೊದಲು ಒಂದು ಕಪ್ ಚಹಾ, ಆಮೇಲೆ ಒಂದು ಊಟ, ಒಂದು ರಾತ್ರಿ, ಒಂದು ವಾರಾಂತ್ಯ. ಆದರೆ ಇಲ್ಲಿ ಬೇಡ ಎನ್ನುವ ಹಕ್ಕು ಇಬ್ಬರಿಗೂ ಇದೆ. ಬರುವವರು ಮನೆಯವರನ್ನು ಆರಿಸಿಕೊಳ್ಳುತ್ತಾರೆ ಎಂಬುದೇ ಈ ವ್ಯವಸ್ಥೆಯ ಜೀವ ಎಂದು ನನಗನ್ನಿಸುತ್ತದೆ. ಇಂಗ್ಲೆಂಡಿನಲ್ಲಿ ಒಬ್ಬ ಕೇರರ್, ಅಂದರೆ ನೋಡಿಕೊಳ್ಳುವವರು, ಮೂವರಿಗಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳುವಂತಿಲ್ಲ. ಮೀರಿದರೆ ಮನೆ ಹೋಗಿ ಹಾಸ್ಟೆಲ್ ಆದೀತು.

ದುಡ್ಡಿನ ವಿಷಯಕ್ಕೆ ಬಂದರೆ ನಮ್ಮವರ ಹುಬ್ಬು ಮೇಲೇರುತ್ತದೆ. ವಾರಾನ್ನ ಹಾಕಿ ಬಡ ಹುಡುಗರನ್ನು ಓದಿಸಿದ ನಾಡು ನಮ್ಮದು. ಅನ್ನಕ್ಕೆ ಲೆಕ್ಕ ಇಡುವುದೆಂದರೆ ಸಂಕೋಚ. ಆದರೆ ಹಾಗೆ ಉಂಡವರಿಗೆ ಸಾರು ತಣ್ಣಗಿದೆ ಎಂದು ಹೇಳುವ ಬಾಯಿ ಇತ್ತೆ? ಶೇರ್ಡ್ ಲೈವ್ಸ್‌ನಲ್ಲಿ ಇದೆ. ಆರೈಕೆಯ ಸಂಭಾವನೆ ಯೋಜನೆಯ ಮೂಲಕ ಬರುತ್ತದೆ, ಬಾಡಿಗೆಗೆ ವಸತಿ ಭತ್ಯೆ ಸಿಗಬಹುದು, ಊಟ ಮತ್ತು ವಿದ್ಯುತ್ತಿನ ಪಾಲನ್ನು ಬಂದವರೇ ಕೊಡುತ್ತಾರೆ. ಪಾಲು ಕೊಟ್ಟವನಿಗೆ ಆ ಮನೆಯಲ್ಲಿ ತಕರಾರು ಮಾಡುವ ಅಧಿಕಾರವೂ ಇರುತ್ತದೆ. ಕೇರರ್ ಸ್ವಯಂ ಉದ್ಯೋಗಿ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ತೆರಿಗೆಯಿಲ್ಲದ ಮಿತಿಯನ್ನು ಮನೆಯೊಂದಕ್ಕೆ ವರ್ಷಕ್ಕೆ 10,000 ಪೌಂಡಿನಿಂದ 18,140ಕ್ಕೆ ಏರಿಸಿತು. ಅದರ ಮೇಲೆ, ನೋಡಿಕೊಳ್ಳುವ ಪ್ರತಿ ವಯಸ್ಕರ ಲೆಕ್ಕದಲ್ಲಿ ಆಗ ವಾರಕ್ಕೆ 450 ಪೌಂಡ್ ವಿನಾಯಿತಿ ಇತ್ತು.

ಹಾಗೆಂದು ಇದು ಸುಲಭದ ಸಂಪಾದನೆಯಲ್ಲ. ಬಾಗಿಲು ಹಾಕಿ ಮನೆಗೆ ಹೋಗುವ ಅನುಕೂಲ ಇಲ್ಲಿಲ್ಲ, ಕೆಲಸವೇ ಮನೆಯೊಳಗಿದೆ. ರಾತ್ರಿ ಎರಡಕ್ಕೆ ಎದ್ದು ಕೂತವರ ಜೊತೆ ತಾವೂ ಕೂರಬೇಕು. ಅದಕ್ಕೇ ವರ್ಷದಲ್ಲಿ ಕೆಲವು ವಾರ ಬಿಡುವು ಕೊಟ್ಟು, ಆ ಅವಧಿಗೆ ಬೇರೆ ಕೇರರ್ ಮನೆಯಲ್ಲಿ ವಸತಿ ಒದಗಿಸುವ ಏರ್ಪಾಡು ಉಂಟು. ಪೂರ್ತಿ ಹೊಣೆ ಹೊರಲಾರದವರು ಹಗಲು ಹೊತ್ತಿನ ಜೊತೆಗಾರಿಕೆಗೋ ಇಂಥ ಬಿಡುವಿನ ವಾರಗಳಿಗೋ ಹೆಸರು ಕೊಡಬಹುದು. ಬಾಡಿಗೆ ಮನೆಯಲ್ಲಿರುವವರೂ ಅರ್ಜಿ ಹಾಕಬಹುದು, ಆದರೆ ಮನೆ ಮಾಲೀಕರ ಒಪ್ಪಿಗೆ ಬೇಕು. ದುಬಾರಿ ಬಾಡಿಗೆಯ ಲಂಡನ್ನಿನಂಥ ಊರಿನಲ್ಲಿ ಒಪ್ಪಿಗೆಗಿಂತ ಮೊದಲು ಆ ಹೆಚ್ಚುವರಿ ಕೋಣೆಯೇ ಸಿಗಬೇಕಲ್ಲ.